ದಾಂಡೇಲಿಗೆ ಹಕ್ಕಿ ನೋಡಲು ಹೊರಟವರಿಗೆ

ಅಪ್ಪನಿಗೆ ಈಗ 74. ಎಡ ಮೊಣಕಾಲು ಮಡಚಲು ಬರುವುದಿಲ್ಲ. 80ರ ದಶಕದ ಆರಂಭದಲ್ಲಿ ಸೂಪಾ ಅಣೆಕಟ್ಟೆ ಕಟ್ಟುವಾಗ ಅವರು ಗಣೇಶಗುಡಿಯಲ್ಲಿ ಹಾಜರಿ ಬರೆಯುವ ಕೆಲಸಕ್ಕಿದ್ದರು. ಬಂಡೆ ಸಿಡಿಸುವ ಮದ್ದು ಇಡುತ್ತಿದ್ದ ಕಟ್ಟಡ ಊರಿಂದ ಸ್ವಲ್ಪ ದೂರ, ಕಾಡಿನೊಳಗಿತ್ತು. ಅದಕ್ಕೆ ಮ್ಯಾಗಝಿನ್ ಎನ್ನುತ್ತಿದ್ದರು. ಈಗ ಅದೇ ಜಾಗ ಜಂಗಲ್ ಲಾಡ್ಜಸ್‌ನವರ ಓಲ್ಡ್ ಮ್ಯಾಗಝಿನ್ ಹೌಸ್ ಎಂಬ ವಸತಿಗೃಹ. ಮರಗಳ ನಡುವೆ ಹಕ್ಕಿಗಳಿಗೆಂದು ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ. ನಾಲ್ಕು ವರ್ಷದ ಹಿಂದೆ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವರು ಗೇಟಿನಲ್ಲೇ ನಿಂತು ಹೇಳಿದರು: "ಕಡ್ಡಿಪೆಟಗಿ ಕಿಸೆದಾಗ ಇಟ್ಕೊಂಡು ಒಳಗ ಬರಾಂಗಿದ್ದಿಲ್ಲ ನೋಡವಾ. ವಾಚ್‌ಮನ್ ಇಲ್ಲೇ ತಗದು ಇಟ್ಕೋತಿದ್ದ."

ಅದಕ್ಕೂ ಮೊದಲು ಗೆಳತಿಯರ ಜೊತೆ ನಾನು ಆರು ಸಲ ದಾಂಡೇಲಿಗೆ ಹೋಗಿದ್ದೆ. ಪ್ರತಿ ಸಲವೂ ಎರಡು ದಿನದಲ್ಲಿ ಎಂಟು ಒಂಬತ್ತು ಜಾಗ ಸುತ್ತಿ ಬರುತ್ತಿದ್ದೆವು. ಅಪ್ಪನ ಕೈಲಿ ಸುತ್ತಲು ಆಗದು. ಆ ಸಂಜೆ ತೊಟ್ಟಿಯ ಎದುರು ಒಂದು ಕುರ್ಚಿ ಹಾಕಿಕೊಟ್ಟೆ, ಪಕ್ಕದಲ್ಲಿ ನಾನೂ ಕೂತೆ. ಮೂರೂವರೆಯಿಂದ ಕತ್ತಲಾಗುವವರೆಗೆ 23 ಜಾತಿಯ ಹಕ್ಕಿಗಳು ಬಂದು ಹೋದವು. ಅದರಲ್ಲಿ ಒಂಬತ್ತನ್ನು ಆರು ಪ್ರವಾಸದಲ್ಲಿ ಒಮ್ಮೆಯೂ ನಾನು ಕಂಡಿರಲಿಲ್ಲ. ನಡುವೆ ನಾನು ಎದ್ದು ಆಚೆ ಹೋಗಿ ನೋಡಿ ಬರುತ್ತೇನೆ ಎಂದಾಗ ಅಪ್ಪ ಹೇಳಿದ್ದು ಇಷ್ಟೇ: "ಸುಮ್ನ ಕೂಡವಾ. ಅವು ಬರ್ತಾವ."

ನಾನು ಧಾರವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ರಜೆ ಬಂದಾಗಲೆಲ್ಲ ಪಾಲಕರು, ಸಹೋದ್ಯೋಗಿಗಳು "ದಾಂಡೇಲಿಗೆ ಹೊಂಟೀವ್ರೀ, ಹಕ್ಕಿ ಎಲ್ಲೆ ಕಾಣ್ತಾವು?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಕಾಡು ಎಷ್ಟು, ನಾವು ನೋಡುವುದು ಎಷ್ಟು

ದಾಂಡೇಲಿ ಅಭಯಾರಣ್ಯವಾದದ್ದು 1956ರಲ್ಲಿ. ಅಣಶಿ ರಾಷ್ಟ್ರೀಯ ಉದ್ಯಾನ 1987ರದ್ದು. ಎರಡನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಹೊಳೆಯ ಹೆಸರೇ ಬಂತು, ಕಾಳಿ. ಒಟ್ಟು ಸುಮಾರು 1,300 ಚದರ ಕಿ.ಮೀ. ಇದಲ್ಲದೆ ಮಂಗಟ್ಟೆಗಳಿಗಾಗಿಯೇ, ಅಂದರೆ ದೊಡ್ಡ ಬಾಗಿದ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿಗಳಿಗಾಗಿ, 2011ರಲ್ಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು 52.5 ಚದರ ಕಿ.ಮೀ. ಕಾಡನ್ನು ಘೋಷಿಸಿದ್ದಾರೆ.

ಇಷ್ಟು ದೊಡ್ಡ ಕಾಡಿನಲ್ಲಿ ನಮ್ಮಂಥವರು ಕಾಲಿಡಬಹುದಾದ ಜಾಗ ಸ್ವಲ್ಪವೇ. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಅರಣ್ಯ ಇಲಾಖೆಯ ಸಫಾರಿ ಜೀಪಿನಲ್ಲಿ ಹೋಗಬೇಕು, ಇಳಿಯುವಂತಿಲ್ಲ. ಅದರಿಂದ ಬೇಸರಪಡಬೇಡಿ. ಹಕ್ಕಿ ನೋಡುವವರಿಗೆ ಕಾಡಿನ ಅಂಚೇ ಒಳ್ಳೆಯದು. ದಾಂಡೇಲಿ ಊರಿನ ಹೊಳೆದಂಡೆ, ಮರದ ದಿಮ್ಮಿ ಪೇರಿಸುವ ನಾಟಾ ಡಿಪೋ, ಕುಳಗಿಯ ನಿಸರ್ಗ ಶಿಬಿರದ ಸುತ್ತ, ಗಣೇಶಗುಡಿ, ಇನ್ನೂ ಪಶ್ಚಿಮಕ್ಕೆ ಹೋದರೆ ಕ್ಯಾಸಲ್ ರಾಕ್. ದಾಂಡೇಲಿಯ ಕಡೆ ಎಲೆ ಉದುರುವ ಕಾಡು, ಸಾಗವಾನಿ, ಮತ್ತಿ, ಬಿದಿರು ಹೆಚ್ಚು. ಗಣೇಶಗುಡಿ ದಾಟಿ ಅಣಶಿಯ ಕಡೆ ಹೋದಂತೆ ಕಾಡು ಹಸಿರಾಗುತ್ತ, ಕತ್ತಲಾಗುತ್ತ ಹೋಗುತ್ತದೆ. ಎರಡು ದಿನ ಇದ್ದರೆ ಒಂದು ದಿನ ದಾಂಡೇಲಿ, ಒಂದು ದಿನ ಗಣೇಶಗುಡಿ. ಮೂರನೆಯ ಜಾಗ ಬೇಡ.

ಕಾಲ ಯಾವುದು ಎಂದರೆ ನವೆಂಬರ್‌ನಿಂದ ಏಪ್ರಿಲ್. ನವೆಂಬರ್, ಡಿಸೆಂಬರ್, ಜನವರಿಯಲ್ಲಿ ಉತ್ತರದಿಂದ ಬಂದ ಚಳಿಗಾಲದ ಹಕ್ಕಿಗಳಿರುತ್ತವೆ, ಒಂಬತ್ತು ಬಣ್ಣದ ನವರಂಗವೂ ಸೇರಿ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಜೋರು, ಆದರೆ ಕಾಡಿನ ಝರಿಗಳು ಬತ್ತುವುದರಿಂದ ನೀರಿನ ತೊಟ್ಟಿಗೆ ಬರುವ ಹಕ್ಕಿಗಳು ಹೆಚ್ಚು. ನನ್ನ ಮಟ್ಟಿಗೆ ಮಾರ್ಚ್‌ನ ಮೊದಲೆರಡು ವಾರ ಎಲ್ಲಕ್ಕಿಂತ ಒಳ್ಳೆಯದು. ಮಳೆಗಾಲದಲ್ಲಿ ಸಫಾರಿ, ರಾಫ್ಟಿಂಗ್ ಎರಡೂ ನಿಲ್ಲುತ್ತವೆ.

ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಬಸ್ಸುಗಳಿವೆ, ಎರಡು ತಾಸಿನ ದಾರಿ. ರೈಲಿನಲ್ಲಿ ಬರುವವರು ಅಳ್ನಾವರದಲ್ಲಿ ಇಳಿದರೂ ಆಗುತ್ತದೆ. ದಾಂಡೇಲಿಯಿಂದ ಗಣೇಶಗುಡಿ 25 ಕಿ.ಮೀ. ಒಳಗೆ, ಜೋಯಿಡಾ ಕಡೆಯ ಬಸ್ಸು ಹಿಡಿಯಬೇಕು. ಹತ್ತಿದ ಕೂಡಲೇ ಕಂಡಕ್ಟರರನ್ನು ತಿರುಗಿ ಬರುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿಟ್ಟುಕೊಳ್ಳಿ. ಜೋಯಿಡಾ ತಾಲ್ಲೂಕಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಗದು ಹಣ ಇರಲಿ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಉಳಿಯಲು ಅಗ್ಗದಿಂದ ದುಬಾರಿಯವರೆಗೆ ಬೇಕಾದಷ್ಟಿವೆ. ಕುಳಗಿಯಲ್ಲಿ ಅರಣ್ಯ ಇಲಾಖೆಯ ಟೆಂಟುಗಳಿವೆ, ಗಣೇಶಗುಡಿಯ ಸುತ್ತ ಹೋಂಸ್ಟೇಗಳಿವೆ. ಕೋಣೆ ಕಾದಿರಿಸುವಾಗ ನಾನು ಕೇಳುವುದು ಒಂದೇ ಪ್ರಶ್ನೆ: "ರಾತ್ರಿ ಸ್ಪೀಕರ್ ಹಚ್ಚತೀರೇನ್ರಿ?" ಹಚ್ಚುತ್ತೇವೆ ಎಂದರೆ ಬೇರೆ ಕಡೆ ನೋಡುತ್ತೇನೆ. ಗೂಬೆ, ಕಪ್ಪೆಬಾಯಿ ಹಕ್ಕಿ, ನತ್ತಿಂಗಗಳ ದನಿ ಕೇಳಬೇಕಾದ ಕಾಡಿನಲ್ಲಿ ಅದು ಬೇಡವೇ ಬೇಡ.

ದುರ್ಬೀನು, ಬಟ್ಟೆ, ಬುತ್ತಿ

ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತದೆ, ದುರ್ಬೀನು ಇಲ್ಲದೆ ನಡೆಯುವುದಿಲ್ಲ. ಕೊಳ್ಳುವುದಾದರೆ 8×42 ಎಂದು ಬರೆದದ್ದನ್ನು ಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ ಐದಕ್ಕಿಂತ ತುಸು ಹೆಚ್ಚು. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ ಅದು. ಜಾತ್ರೆಯಲ್ಲಿ ಸಿಗುವ ಪುಟ್ಟ 10×25ರಲ್ಲಿ ಆ ವೃತ್ತ ಎರಡೂವರೆ ಮಿಲಿಮೀಟರ್ ಮಾತ್ರ. ಬಯಲಿನಲ್ಲಿ ಅದು ಸಾಲುತ್ತದೆ, ಗಣೇಶಗುಡಿಯ ನೆರಳಿನಲ್ಲಿ ಹಕ್ಕಿ ಕರಿ ಮುದ್ದೆಯಾಗಿ ಕಾಣುತ್ತದೆ. ಹತ್ತು ಪಟ್ಟಿನದರಲ್ಲಿ ಕೈ ನಡುಗಿದ್ದೂ ಹತ್ತು ಪಟ್ಟಾಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಮುಖ್ಯ.

ಹೊರಡುವ ವಾರ ಮೊದಲು ತಾರಸಿಯ ಮೇಲೆ ಅಭ್ಯಾಸ ಮಾಡಿ. ಎದುರು ಮನೆಯ ನೀರಿನ ಟಾಕಿಯ ಮೇಲೆ ಕಾಗೆ ಕೂತಿದೆ ಎಂದುಕೊಳ್ಳಿ. ಕಾಗೆಯಿಂದ ಕಣ್ಣು ಕೀಳದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಹೆಚ್ಚಿನವರು ತಲೆ ಬಗ್ಗಿಸಿ ದುರ್ಬೀನನ್ನು ನೋಡಿ, ಆಮೇಲೆ ತಲೆ ಎತ್ತಿ ಹಕ್ಕಿಯನ್ನು ಹುಡುಕುತ್ತಾರೆ. ಅಷ್ಟರಲ್ಲಿ ಅದು ಹಾರಿರುತ್ತದೆ. ಇನ್ನೊಂದು ಅಭ್ಯಾಸ: ಮರವನ್ನು ಗಡಿಯಾರ ಎಂದುಕೊಂಡು ಜೊತೆಯವರಿಗೆ "ಎರಡು ಗಂಟೆಯ ಕೊಂಬೆ, ತುದಿಯಿಂದ ಒಂದು ಮೊಳ ಒಳಗೆ" ಎಂದು ಹೇಳಲು ಕಲಿಯಿರಿ. ಬೆರಳು ತೋರಿಸಿ "ಅಲ್ಲಿ, ಅಲ್ಲಿ!" ಎಂದರೆ ಯಾರಿಗೂ ಕಾಣುವುದಿಲ್ಲ, ಬೀಸಿದ ಕೈ ಹಕ್ಕಿಗೆ ಮಾತ್ರ ಕಾಣುತ್ತದೆ.

ಬಟ್ಟೆ ಮಾಸಲು ಹಸಿರು, ಮಣ್ಣಿನ ಬಣ್ಣ. ಬಿಳಿ ಬೇಡ. ಮಕ್ಕಳಿಗೆ ಕಿರುಗುಟ್ಟುವ ಜರ್ಕಿನ್ ಬೇಡ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು. ಬೆಳಿಗ್ಗೆ ಆರಕ್ಕೆ ಹೊರಟವರಿಗೆ ಹೋಟೆಲಿನ ತಿಂಡಿ ಸಿಗುವುದಿಲ್ಲ, ತಿಂಡಿಗೆಂದು ಕಾದು ಎಂಟೂವರೆಗೆ ಹೊರಟವರಿಗೆ ಹಕ್ಕಿ ಸಿಗುವುದಿಲ್ಲ.

ಬೆಳಿಗ್ಗೆ ಮೊದಲು ಹಣ್ಣಿನ ಮರ ಹುಡುಕಿ

ದಾಂಡೇಲಿಗೆ ಹೋದವರ ಮೊದಲ ಪ್ರಶ್ನೆ "ಮಂಗಟ್ಟೆ ಎಲ್ಲಿ?" ಎಂದು. ನೀವು "ಹಣ್ಣು ಬಿಟ್ಟ ಆಲ ಎಲ್ಲಿ?" ಎಂದು ಕೇಳಿ. ಆಲ, ಅತ್ತಿ, ಬಸರಿ, ಗೋಳಿ, ಯಾವುದೇ ಆಗಲಿ, ಈ ಜಾತಿಯ ಮರಗಳು ಒಂದೊಂದು ಒಂದೊಂದು ಹೊತ್ತಿನಲ್ಲಿ ಹಣ್ಣಾಗುತ್ತವೆ. ಹೋದ ತಿಂಗಳು ತುಂಬಿದ್ದ ಮರ ಈ ತಿಂಗಳು ಬರಿದು. ಆದ್ದರಿಂದ ಹಳೆಯ ವಿಡಿಯೊ ನೋಡಿ ಅದೇ ಮರದ ಕೆಳಗೆ ನಿಂತರೆ ಏನೂ ಕಾಣದಿರಬಹುದು. ಈ ವಾರ ಯಾವ ಮರ ಹಣ್ಣಾಗಿದೆ ಎಂದು ಊರಿನವರಿಗೆ ಗೊತ್ತಿರುತ್ತದೆ. ಚಹಾ ಅಂಗಡಿಯವರು, ಜೀಪಿನ ಚಾಲಕರು, ದನ ಮೇಯಿಸುವ ಗೌಳಿಗರು. ಕೇಳಲು ನಾಚಬೇಡಿ.

ಮೊದಲ ಸಲ ಹೋಗುವವರು ಸ್ಥಳೀಯ ಗೈಡ್ ಒಬ್ಬರನ್ನು ಕಟ್ಟಿಕೊಳ್ಳಲೇಬೇಕು ಎನ್ನುತ್ತೇನೆ. ನಮಗೆ ಸಿಕ್ಕವರು ಜೋಯಿಡಾ ಕಡೆಯ ಕುಣಬಿ ಸಮುದಾಯದ ಹುಡುಗ. ಮರದ ಬುಡದಲ್ಲಿ ಬಿದ್ದ ಅರ್ಧ ತಿಂದ ಹಣ್ಣನ್ನು ಎತ್ತಿ ನೋಡಿ, ಇದು ಕೆಂದಳಿಲು ತಿಂದದ್ದು, ಇದು ಹಕ್ಕಿ ತಿಂದದ್ದು ಎಂದು ಹೇಳುತ್ತಿದ್ದ. ಹಲ್ಲಿನ ಗುರುತಿದ್ದರೆ ಅಳಿಲು. ಮಂಗಟ್ಟೆ ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಕಿತ್ತು, ಮೇಲಕ್ಕೆ ಚಿಮ್ಮಿಸಿ, ಇಡಿಯಾಗಿ ನುಂಗುತ್ತದೆ. ಬೀಜವನ್ನು ಬೇರೆಲ್ಲೋ ಹೋಗಿ ಉಗುಳುತ್ತದೆ.

ನಾಟಾ ಡಿಪೋಗೆ ಹೋಗುವುದಾದರೆ ಅಲ್ಲಿಯ ಕಚೇರಿಯಲ್ಲಿ ಅನುಮತಿ ಕೇಳಿ. ಅದು ಇಲಾಖೆಯವರು ಕೆಲಸ ಮಾಡುವ ಜಾಗ. ಸಾಗವಾನಿ ದಿಮ್ಮಿಗಳನ್ನು ಸಾಲುಸಾಲಾಗಿ ಪೇರಿಸಿದ್ದಾರೆ, ನಡುವೆ ಹಳೆಯ ಮರಗಳನ್ನು ಹಾಗೇ ಬಿಟ್ಟಿದ್ದಾರೆ. ಬಿಸಿಲು ಏರುವ ಮೊದಲು ದಾಸ ಮಂಗಟ್ಟೆಗಳು ಇಲ್ಲಿ ದಿಮ್ಮಿಯ ಮೇಲೆ, ಕೆಲವೊಮ್ಮೆ ನೆಲಕ್ಕೇ ಇಳಿಯುತ್ತವೆ. ಮರದ ತುದಿಯಲ್ಲಿ ಮಾತ್ರ ಕಾಣುವ ಹಕ್ಕಿಯನ್ನು ಕಣ್ಣಿನ ಮಟ್ಟದಲ್ಲಿ ನೋಡುವ ಅವಕಾಶ ಬೇರೆ ಕಡೆ ಅಪರೂಪ.

ಇಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಗುರುತು ಹಿಡಿಯುವುದು ಹೀಗೆ.

ಎಲ್ಲಕ್ಕಿಂತ ದೊಡ್ಡದು ದೊಡ್ಡ ಮಂಗಟ್ಟೆ, ಗ್ರೇಟ್ ಹಾರ್ನ್‌ಬಿಲ್. ಮೂರಡಿಗೂ ಉದ್ದ. ಕುತ್ತಿಗೆ ಹಳದಿ, ಬಿಳಿ ಬಾಲಕ್ಕೆ ಅಡ್ಡ ಒಂದು ಕಪ್ಪು ಪಟ್ಟಿ. ನೋಡುವ ಮೊದಲೇ ಕೇಳಿಸುತ್ತದೆ: ರೆಕ್ಕೆ ಬಡಿದಾಗ ಉಗಿಬಂಡಿ ಹೊರಟಂತೆ ಹುಸ್ ಹುಸ್ ಸದ್ದು. ಆ ಹಳದಿ ಗರಿಯ ಸ್ವಂತ ಬಣ್ಣವಲ್ಲ. ಬಾಲದ ಬುಡದ ಗ್ರಂಥಿಯಿಂದ ಬರುವ ಎಣ್ಣೆಯನ್ನು ಕೊಕ್ಕಿನಿಂದ ಬಳಿದುಕೊಂಡದ್ದು. ಮಕ್ಕಳಿಗೆ ಇದನ್ನು ಹೇಳಿದರೆ ಅರಿಸಿನ ಹಚ್ಚಿಕೊಂಡಂತೆ ಎಂದು ತಾವೇ ಹೇಳುತ್ತಾರೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ.

ದಾಸ ಮಂಗಟ್ಟೆ, ಮಲಬಾರ್ ಪೈಡ್, ದಾಂಡೇಲಿ ಊರಿನ ಸುತ್ತ ಹೆಚ್ಚು ಕಾಣುವುದು ಇದೇ. ಕಪ್ಪು ಮೈ, ಬಿಳಿ ಹೊಟ್ಟೆ, ಕೊಕ್ಕಿನ ಮೇಲಿನ ಶಿರಸ್ತ್ರಾಣದಲ್ಲಿ ಕಪ್ಪು ಮಚ್ಚೆ. ಹಾರುವಾಗ ರೆಕ್ಕೆಯ ಹಿಂದಿನ ಅಂಚು ಬಿಳಿಯಾಗಿ ಕಾಣುತ್ತದೆ. ಕಾಸರಕದ ಮರ ಹಣ್ಣಾದಾಗ ಇವು ಗುಂಪಾಗಿ ಬರುತ್ತವೆ. ಕಾಸರಕದ ಬೀಜ ಮನುಷ್ಯರಿಗೆ ವಿಷ. ಇವು ತಿರುಳನ್ನಷ್ಟೇ ಅರಗಿಸಿಕೊಳ್ಳುತ್ತವೆ.

ಉಳಿದೆರಡೂ ಬೂದು ಬಣ್ಣದವು, ಹೊಸಬರು ಎಡವುವುದು ಇಲ್ಲಿಯೇ. ಕೊಕ್ಕಿನ ಮೇಲೆ ಚಿಕ್ಕ ಚೂಪಾದ ಕೊಂಬು, ಉದ್ದ ಬಾಲ ಇದ್ದರೆ ಅದು ಬೂದು ಮಂಗಟ್ಟೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲೂ ನಾನು ಕಂಡಿದ್ದೇನೆ. ಕೊಂಬೇ ಇಲ್ಲದ, ಗಿಡ್ಡ ಮೈಯ, ದಟ್ಟ ಕಾಡಿನಲ್ಲಿ ಗಹಗಹಿಸಿ ನಕ್ಕಂತೆ ಕೂಗುವುದು ಮಲೆ ಬೂದು ಮಂಗಟ್ಟೆ. ಇದು ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಎಲ್ಲರೂ ದೊಡ್ಡದಕ್ಕಾಗಿ ಕತ್ತೆತ್ತಿ ನಿಂತಿರುವಾಗ ಇದು ಪಕ್ಕದ ಮರದಲ್ಲೇ ಇರುತ್ತದೆ. ದಯವಿಟ್ಟು ಇದಕ್ಕೂ ಹತ್ತು ನಿಮಿಷ ಕೊಡಿ.

ಗೂಡಿನ ಮರ ಕಂಡರೆ

ಫೆಬ್ರುವರಿ ಹೊತ್ತಿಗೆ ಮಂಗಟ್ಟೆಗಳು ಗೂಡು ಹಿಡಿಯುತ್ತವೆ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೊಕ್ಕು, ಬಾಯಿಯನ್ನು ತನ್ನ ಹಿಕ್ಕೆಯಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೋಗುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೇ ರೆಕ್ಕೆಯ ಗರಿಗಳನ್ನು ಉದುರಿಸಿ ಹೊಸವನ್ನು ಬೆಳೆಸಿಕೊಳ್ಳುತ್ತದೆ. ಮೂರು ನಾಲ್ಕು ತಿಂಗಳು ಗೂಡಿನ ಊಟವೆಲ್ಲ ಮುಖ್ಯವಾಗಿ ಗಂಡಿನ ಮೇಲೆ. ಅದು ಬಾರದಿದ್ದರೆ ತಾಯಿಗೂ ಇಲ್ಲ, ಮರಿಗೂ ಇಲ್ಲ.

ಮೂರು ವರ್ಷದ ಹಿಂದೆ ಮಾರ್ಚ್‌ನಲ್ಲಿ ರಸ್ತೆ ಬದಿಯ ತಾರೆ ಮರವೊಂದರಲ್ಲಿ ದಾಸ ಮಂಗಟ್ಟೆಯ ಗೂಡಿತ್ತು. ನಾವು ಹೋಗುವಷ್ಟರಲ್ಲಿ ಎರಡು ಗಾಡಿ ನಿಂತಿದ್ದವು. ಹತ್ತು ಜನ ಮರದ ಬುಡದಿಂದ ಇಪ್ಪತ್ತು ಹೆಜ್ಜೆಯಲ್ಲಿ ಟ್ರೈಪಾಡ್ ಊರಿದ್ದರು. ನಾವೂ ಅವರ ಹಿಂದೆ ನಿಂತೆವು. 7.40ಕ್ಕೆ ಗಂಡು ಬಂತು. ಗೂಡಿಗೆ ಹೋಗಲಿಲ್ಲ, ಎದುರಿನ ಮತ್ತಿ ಮರದಲ್ಲಿ ಕೂತಿತು. ಕೊಕ್ಕಿನ ತುದಿಯಲ್ಲಿ ಕೆಂಪು ಹಣ್ಣೊಂದು. ಕ್ಯಾಮೆರಾಗಳ ಕಟಕಟ ಶುರುವಾಯಿತು. ಹಕ್ಕಿ ತಲೆಯನ್ನು ಆಚೆ ಈಚೆ ಓರೆ ಮಾಡಿ ನೋಡುತ್ತಿತ್ತು, ಹಣ್ಣು ಕೊಕ್ಕಿನಲ್ಲೇ ಇತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಗೈಡ್ ನನ್ನ ಬಳಿ ಬಂದು ಮೆಲ್ಲಗೆ ಹೇಳಿದ: "ಅಕ್ಕೋರೇ, ಹೋಗುವಾ. ನಾವು ಇಲ್ಲಿದ್ರೆ ಅದು ಬರೂದಿಲ್ಲ." 35 ನಿಮಿಷ ಕಾದು ಆ ಗಂಡು ಹಣ್ಣಿನ ಸಮೇತ ಹಾರಿಹೋಯಿತು. ಪೊಟರೆಯ ಸೀಳಿನಲ್ಲಿ ಹೆಣ್ಣಿನ ಕೊಕ್ಕಿನ ತುದಿ ಕಾಣುತ್ತಿತ್ತು. ಅದನ್ನು ನಾನು ಮರೆತಿಲ್ಲ. ಅಲ್ಲಿ ನಿಂತವರಲ್ಲಿ ನಾನೂ ಒಬ್ಬಳು.

ನಾವು ರಸ್ತೆ ದಾಟಿ ಸಾಕಷ್ಟು ದೂರ ಹಿಂದಕ್ಕೆ, ಬಿದಿರು ಮೆಳೆಯ ಮರೆಗೆ ಹೋಗಿ ಕೂತೆವು. ಒಂಬತ್ತರ ಹೊತ್ತಿಗೆ ಗಾಡಿಗಳು ತಿಂಡಿಗೆ ಹೋದವು. ಹತ್ತು ನಿಮಿಷಕ್ಕೆ ಗಂಡು ನೇರ ಗೂಡಿಗೇ ಬಂತು. ತೊಗಟೆಗೆ ಉಗುರು ಕಚ್ಚಿ, ಬಾಲವನ್ನು ಆಸರೆಗೆ ಒತ್ತಿ, ಕತ್ತು ಹಿಂದಕ್ಕೆ ಎಳೆದು ಗಂಟಲಿನಿಂದ ಒಂದು ಹಣ್ಣು ಕೊಕ್ಕಿನ ತುದಿಗೆ ತಂದು, ಸೀಳಿನೊಳಗೆ ಕೊಟ್ಟಿತು. ಮತ್ತೊಂದು. ಮತ್ತೊಂದು. ದುರ್ಬೀನಿನಲ್ಲಿ ನೋಡುತ್ತ 17 ಹಣ್ಣು ಎಣಿಸಿದೆ. ಆ ಪುಟ್ಟ ಗಂಟಲಿನಲ್ಲಿ ಇಷ್ಟನ್ನೂ ಒಂದೂ ನುಂಗದೆ ಇಟ್ಟುಕೊಂಡು ಬಂದಿತ್ತು.

ಆದ್ದರಿಂದ ಗೂಡಿನ ಮರ ಕಂಡರೆ ನಿಲ್ಲಬೇಡಿ, ದಾಟಿ ಮುಂದೆ ಹೋಗಿ, ಮರೆಯಿರುವ ಕಡೆ ಕೂತು ದೂರದಿಂದ ನೋಡಿ. ಹಕ್ಕಿ ಬಂದು ಬೇರೆ ಮರದಲ್ಲಿ ಕೂತು ನಿಮ್ಮನ್ನೇ ನೋಡುತ್ತಿದ್ದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ ಎಂದೇ ಅರ್ಥ. ಕೂಡಲೇ ಹೊರಡಿ. ಗೂಡಿನ ಫೋಟೊಗೆ ಜಾಗದ ಹೆಸರು ಹಾಕಿ ಹಂಚಬೇಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಪದ್ಧತಿಯೂ ಇದೆ. ಮರಿಗೆ ಹುಳು ಹಿಡಿಯಬೇಕಾದ ಗಂಡು, ಇಲ್ಲದ ಎದುರಾಳಿಯನ್ನು ಹುಡುಕುತ್ತ ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ನಿಮ್ಮ ಗೈಡ್ ಹಾಗೆ ಮಾಡಿದರೆ ಬೇಡ ಎನ್ನಿ. ನೀವು ಬೇಡ ಎಂದರೆ ಅವರೂ ಬಿಡುತ್ತಾರೆ; ನೋಡುವವರು ಒತ್ತಾಯಿಸುತ್ತಾರೆಂದೇ ಬಹಳ ಜನ ಹಾಕುವುದು.

ನಡುಹಗಲು, ಹೊಳೆ

ಹನ್ನೊಂದರಿಂದ ಮೂರರವರೆಗೆ ಕಾಡು ಮಲಗಿರುತ್ತದೆ. ಕುಟುರ ಹಕ್ಕಿಯ ಕುಟ್ರೂ ಕುಟ್ರೂ ಒಂದು ಬಿಟ್ಟರೆ ಸದ್ದಿಲ್ಲ. ಮಕ್ಕಳಿದ್ದರೆ ಈ ಹೊತ್ತನ್ನು ಹೊಳೆಗೆ ಕೊಡಿ. ಗಣೇಶಗುಡಿಯಲ್ಲಿ ರಾಫ್ಟಿಂಗ್ ಇದೆ. ಅಣೆಕಟ್ಟೆಯಿಂದ ನೀರು ಬಿಡುವುದರ ಮೇಲೆ ಅದು ನಿಂತಿರುವುದರಿಂದ ಹಿಂದಿನ ದಿನವೇ ವಿಚಾರಿಸಿ. ಲೈಫ್ ಜಾಕೆಟ್, ಹೆಲ್ಮೆಟ್ ಇಲ್ಲದೆ ಹತ್ತಿಸಿಕೊಳ್ಳುವವರ ದೋಣಿ ಬೇಡ. ಸೂಪಾ ಅಣೆಕಟ್ಟೆ 101 ಮೀಟರ್ ಎತ್ತರ. ನೀರು ಬಿಟ್ಟಾಗ ಕೆಳಗಿನ ಹೊಳೆ ನೋಡನೋಡುತ್ತ ಏರುತ್ತದೆ. ಬಂಡೆಯ ಮೇಲೆ ಕೂತು ಊಟ ಮಾಡುವಾಗಲೂ ದಂಡೆಗೆ ಬರುವ ದಾರಿ ಹಿಂದೆ ಇರಲಿ. ದಾಂಡೇಲಿ ಊರಿನ ಬಳಿ ಕಾಳಿಯಲ್ಲಿ ಮೊಸಳೆಗಳಿವೆ. ನೀರು ಎಷ್ಟೇ ಶಾಂತವಾಗಿ ಕಂಡರೂ ಅಲ್ಲಿ ಕಾಲಿಡಬೇಡಿ, ಮಕ್ಕಳನ್ನು ಅಂಚಿಗೆ ಬಿಡಬೇಡಿ.

ಕುಳಗಿಯಲ್ಲಿ ನಿಸರ್ಗ ಮಾಹಿತಿ ಕೇಂದ್ರವಿದೆ, ಮಧ್ಯಾಹ್ನಕ್ಕೆ ಚೆನ್ನ. ಸಿಂಥೇರಿ ಬಂಡೆಗೆ ಹೋಗುವವರು ಅಲ್ಲಿ ಹೆಜ್ಜೇನು ಕಟ್ಟಿರುವುದನ್ನು ನೆನಪಿಟ್ಟು ಸೆಂಟು, ಹೊಗೆ, ಕೂಗಾಟ ಬಿಡಿ. ಸಫಾರಿಯಲ್ಲಿ ಹುಲಿ, ಕರಿಚಿರತೆ ಕಂಡವರೂ ಇದ್ದಾರೆ. ನನಗೆ ಕಂಡದ್ದು ಕಾಡುಕೋಣ, ಚುಕ್ಕೆ ಜಿಂಕೆ, ಕೆಂದಳಿಲು. ಹಕ್ಕಿಗಾಗಿಯೇ ಬಂದವರಿಗೆ ಸಫಾರಿ ಅಷ್ಟು ಅವಶ್ಯವಲ್ಲ. ಜೀಪಿನ ಸದ್ದಿನಲ್ಲಿ ಕಿವಿಗೆ ಕೆಲಸವಿಲ್ಲ, ಈ ಕಾಡಿನಲ್ಲಿ ಅರ್ಧ ಹಕ್ಕಿಗಳನ್ನು ಕಿವಿಯೇ ಹುಡುಕಿಕೊಡುವುದು.

ಉಣ್ಣಿ, ಇಂಬಳ

ಇದು ಹೆದರಿಸಲು ಅಲ್ಲ. ಉತ್ತರ ಕನ್ನಡದ ಕೆಲವು ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಹರಡುವುದು ಉಣ್ಣಿ ಕಚ್ಚುವುದರಿಂದ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ತುಂಬು ತೋಳಿನ ಅಂಗಿ ಹಾಕಿ, ತರಗೆಲೆಯ ಮೇಲೆ ಬರಿದೇ ಕೂರಬೇಡಿ, ಮಡಚುವ ಸ್ಟೂಲು ಒಯ್ಯಿರಿ. ಕೋಣೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಮೊಣಕಾಲ ಹಿಂದೆ, ಸೊಂಟ, ಕಿವಿಯ ಹಿಂದೆ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಊರಿಗೆ ಬಂದು ಒಂದೆರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲು ಹೇಳಿ. ಇಂಬಳ ಮಳೆಗಾಲದ ಕಾಟ. ಕಚ್ಚಿದರೆ ಎಳೆಯಬೇಡಿ, ಉಪ್ಪು ಮುಟ್ಟಿಸಿದರೆ ಬಿಡುತ್ತದೆ.

ಸಂಜೆ, ತೊಟ್ಟಿಯ ಎದುರು

ಮ್ಯಾಗಝಿನ್ ಹೌಸಿನಲ್ಲೇ ಉಳಿದವರಿಗೆ ಇದು ಸುಲಭ. ಬೇರೆ ಕಡೆ ಉಳಿದವರು ಹೊರಗಿನವರಿಗೆ ಅವಕಾಶವಿದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಗಣೇಶಗುಡಿಯ ಕೆಲವು ಹೋಂಸ್ಟೇಗಳವರೂ ಹಿತ್ತಿಲಿನಲ್ಲಿ ಹೀಗೆ ನೀರು ಇಡುತ್ತಾರೆ. ಮೂರೂವರೆಗೆ ಹೋಗಿ ಜಾಗ ಹಿಡಿಯಿರಿ. ಬೆನ್ನಿಗೆ ಮರ ಇರಲಿ, ಮುಖಕ್ಕೆ ಬಿಸಿಲು ಹೊಡೆಯದಿರಲಿ. ಮೊಬೈಲ್ ಸೈಲೆಂಟ್ ಅಲ್ಲ, ಆಫ್. ಕಂಪನದ ಗುಂಯ್‌ಗೂ ಹಕ್ಕಿ ಎದ್ದುಹೋದದ್ದನ್ನು ಕಂಡಿದ್ದೇನೆ.

ಮೊದಲು ಬರುವುದು ಪಿಕಳಾರಗಳು. ಅದರಲ್ಲಿ ಕೆಂಗೊರಳಿನ ಪಿಕಳಾರವನ್ನು ಹುಡುಕಿ: ಕಪ್ಪು ತಲೆ, ಹಳದಿ ಮೈ, ಗಂಟಲಿನಲ್ಲಿ ಕೆಂಡದಂಥ ಚುಕ್ಕೆ. ಇದೂ ಪಶ್ಚಿಮಘಟ್ಟದ್ದೇ, ನೆರೆಯ ಗೋವಾದ ರಾಜ್ಯಪಕ್ಷಿ. ಪಿಕಳಾರಗಳು ನೆಮ್ಮದಿಯಿಂದ ಮಿಂದರೆ ಉಳಿದವಕ್ಕೆ ಧೈರ್ಯ. ಆಮೇಲೆ ನೆಲದಲ್ಲಿ ಕುಪ್ಪಳಿಸಿ ಬರುವುದು ಕಿತ್ತಳೆ ತಲೆಯ ಸಿಳ್ಳಾರ, ಬಿಳಿ ಕೆನ್ನೆಗೆ ಎರಡು ಕಪ್ಪು ಗೀರು ಎಳೆದುಕೊಂಡು. ಮೇಲಿನಿಂದ ಬಿಳಿ ರಿಬ್ಬನ್ ಬಿದ್ದಂತೆ ರಾಜಹಕ್ಕಿ ನೀರಿಗೆ ಧುಮುಕಿ ಕೊಂಬೆಗೆ ಹಿಂತಿರುಗುತ್ತದೆ. ಅದು ತೊಟ್ಟಿಯಲ್ಲಿ ಕೂರುವುದಿಲ್ಲ, ಪ್ರತಿ ಮುಳುಗಿಗೂ ಒಮ್ಮೆ ಮೇಲೆ ಹೋಗಿ ಬರುತ್ತದೆ. ಅದರ ದೀರ್ಘ ಬಾಲದ ಗರಿ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು, ಮತ್ತೆ ಕೊಕ್ಕಿನಿಂದ ಬಿಡಿಸಿಕೊಳ್ಳುವವರೆಗೆ ನೋಡುತ್ತ ಇರಿ. ಕಪ್ಪು ಮೈಯ, ಉದ್ದ ಬಾಲದ ಭೀಮರಾಜ ಬಂದರೆ ಉಳಿದವು ಚದುರುತ್ತವೆ. ಅದು ಬೇರೆ ಹಕ್ಕಿಗಳ ಕೂಗನ್ನು ಅಣಕಿಸುವುದರಿಂದ ಕಿವಿಯನ್ನಷ್ಟೇ ನಂಬಿ ಪಟ್ಟಿಗೆ ಹೆಸರು ಸೇರಿಸಬೇಡಿ.

ಆರರ ಹೊತ್ತಿಗೆ ಬಣ್ಣಗಳು ಮಾಸುತ್ತವೆ, ಕ್ಯಾಮೆರಾದವರು ಎದ್ದು ಚಹಾಕ್ಕೆ ಹೋಗುತ್ತಾರೆ. ಏಳಬೇಡಿ. ಶಾಮ ಬರುವುದು ಆಗಲೇ. ಕಪ್ಪು ತಲೆ, ಕಿತ್ತಳೆ ಹೊಟ್ಟೆ, ಬಾಲದ ಬುಡದಲ್ಲಿ ಬಿಳಿ. ಎಲ್ಲ ಹೋದ ಮೇಲೆ ಒಂಟಿಯಾಗಿ ಬಂದು ಮೀಯುತ್ತದೆ, ಆಮೇಲೆ ಪೊದೆಯೊಳಗೆ ಕೂತು ಹಾಡುತ್ತದೆ.

ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಒದ್ದೆ ಕೈಗೆ ಪೆನ್ನಿನ ಶಾಯಿ ಹರಡುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಗಾತ್ರ, ಏನು ಮಾಡುತ್ತಿತ್ತು, ಎಷ್ಟು ಗಂಟೆ ಎಂದು ಬರೆದರೆ ಸಾಕು; ಗುಬ್ಬಿಗಿಂತ ಚಿಕ್ಕದೋ ದೊಡ್ಡದೋ, ಕಾಗೆಗಿಂತ ಚಿಕ್ಕದೋ ದೊಡ್ಡದೋ ಎಂದು ಅಳೆಯಿರಿ. ಹೆಸರನ್ನು ಮನೆಗೆ ಬಂದು ಪುಸ್ತಕದಲ್ಲಿ ಹುಡುಕಬಹುದು. ಅಪ್ಪ ಹಾಜರಿ ಬರೆದವರಲ್ಲವೇ, ಅವರದ್ದು ಹಾಜರಿ ಪುಸ್ತಕದ ಹಾಗೆಯೇ ಗೀಟು ಹೊಡೆದ ಪುಟ. ಹೋದ ಮಾರ್ಚ್‌ನದು ನನ್ನ ಮುಂದಿದೆ:

"3.50, ಪಿಕಳಾರ, 6. 4.20, ಬಿಳೀ ಬಾಲದ್ದು, 1, ನಾಕು ಸಲ ಮುಳುಗಿತು. 4.45, ಹಸರ ಬೆನ್ನಿನ ಪಾರಿವಾಳ, 2. 5.40, ಭೀಮರಾಜ, ಎಲ್ಲಾರ್ನೂ ಓಡಿಸಿತು. 6.10, ಶಾಮ. 6.25, ಕಾಣವಲ್ದು, ಹಾಡಾಕತ್ತದ."